ಕಾಗದಕ್ಕೆ ಬಾರದ ಕಾಲು

ಬೀರೇಶ್ ಮಾಡಿದ ಯಂತ್ರವನ್ನು ಚಿತ್ರದುರ್ಗದ ರಾಜಶೇಖರ್ ತನ್ನ ಅಂಗಡಿಯ ಹೆಸರು ಬರೆಸಿ ಮಾರಿದ.

ಯಂತ್ರ ಅಂದರೆ ಕುರಿಗೆ ಜಂತುಹುಳದ ಔಷಧಿ ಕುಡಿಸುವ ಕಬ್ಬಿಣದ ಚೌಕಟ್ಟು. ಆದಿವಾಲದ ರಸ್ತೆ ಬದಿಯಲ್ಲಿ ಬೀರೇಶನ ವೆಲ್ಡಿಂಗ್ ಶಾಪಿದೆ. ಹುಟ್ಟಿದ್ದು ಕುರಿ ಸಾಕುವವರ ಮನೆಯಲ್ಲಿ. ಔಷಧಿ ಕುಡಿಸುವ ದಿನ ಮನುಷ್ಯನಿಗೆ ಎರಡು ಕೈ ಸಾಲುವುದಿಲ್ಲ ಎಂಬುದು ಅವನಿಗೆ ಚಿಕ್ಕಂದಿನಿಂದ ಗೊತ್ತು. ಒಂದು ಕೈಯಲ್ಲಿ ಕುರಿಯ ದವಡೆ, ಇನ್ನೊಂದರಲ್ಲಿ ಕೊಳವೆ; ಔಷಧಿ ಒತ್ತುವುದಕ್ಕೆಂದು ದೇವರು ಮೂರನೆಯ ಕೈ ಕೊಟ್ಟಿಲ್ಲ. ಬೀರೇಶ್ ತನ್ನ ಅವ್ವನ ಹಳೆಯ ಹೊಲಿಗೆ ಮಿಷನ್ನಿನ ಪೆಡಲ್ ಬಿಚ್ಚಿ ಚೌಕಟ್ಟಿನ ಬುಡಕ್ಕೆ ಕೂಡಿಸಿದ. ಕಾಲಲ್ಲಿ ಒಮ್ಮೆ ತುಳಿದರೆ ಅಳತೆಯ ಔಷಧಿ ಗಂಟಲಿಗೆ ಇಳಿಯುತ್ತಿತ್ತು. ಬ್ಯಾ ಅನ್ನುವುದಕ್ಕೂ ಕುರಿಗೆ ಪುರುಸೊತ್ತು ಸಿಗುತ್ತಿರಲಿಲ್ಲ.

ರಾಜಶೇಖರ್ ಗೇಟು ಮಾಡಿಸುವ ನೆಪದಲ್ಲಿ ಬಂದು ಅದರ ಫೋಟೊ ಹೊಡೆದುಕೊಂಡು ಹೋಗಿದ್ದ. ಕುರಿಯ ಮುಖ ಚೆನ್ನಾಗಿ ಬರಲಿ ಎಂದು ಹತ್ತಿರ ನಿಂತು ಹೊಡೆದಿದ್ದರಿಂದ ಬುಡದಲ್ಲಿದ್ದ ಪೆಡಲ್ ಫೋಟೊಕ್ಕೆ ಬಿದ್ದಿರಲಿಲ್ಲ. ಔಷಧಿ ಹೇಗೆ ಇಳಿಯುತ್ತದೆಂದು ತಿಳಿಯದೆ ಅವನು ಪಕ್ಕಕ್ಕೊಂದು ಕೈಹಿಡಿಕೆ ಇಟ್ಟ, ತಳ್ಳಲು ಎರಡು ಗಾಲಿ ಹಾಕಿದ, ಮಾರಾಟಕ್ಕೆ ನಿಲ್ಲಿಸಿದ. ಕೊಂಡವರು ಒಂದು ಕೈ ಹಿಡಿಕೆಗೆ ಕೊಟ್ಟು ಒಂಟಿ ಕೈಯಲ್ಲಿ ಕುರಿಯ ಜೊತೆ ಕುಸ್ತಿ ಆಡಬೇಕಾಯಿತು. ಔಷಧಿಯೆಲ್ಲ ಅಂಗಿಯ ಮೇಲೆ. ಅವರ ಅಂಗಿಗಳಲ್ಲಿ ಈಗ ಹುಡುಕಿದರೂ ಒಂದು ಜಂತುಹುಳ ಸಿಗುವುದಿಲ್ಲ.

ಅಂದರೆ ಬೀರೇಶನಿಗೆ ಇನ್ನು ಉಳಿದಿದ್ದು ಪೆಡಲ್ ಒಂದೇ. ಅದೂ ಕೈತಪ್ಪಿದರೆ ಆ ಯಂತ್ರದಲ್ಲಿ ಅವನದು ಅನ್ನುವುದು ಏನೂ ಇರುತ್ತಿರಲಿಲ್ಲ. ಪೇಟೆಂಟ್ ಮಾಡಿಸಿಯೇ ತೀರುತ್ತೇನೆಂದು ಅವತ್ತು ಬೆಳಿಗ್ಗೆ ಹಿರಿಯೂರಿನ ಬಸ್ಸು ಹತ್ತಿದ.

ಹಿರಿಯೂರಿನಲ್ಲಿ ಕನಕರಾಜನ ಕಂಪ್ಯೂಟರ್ ಸೆಂಟರ್ ಇದೆ. ಪಹಣಿ, ಜಾತಿ ಸರ್ಟಿಫಿಕೇಟ್, ಪರೀಕ್ಷೆಯ ರಿಸಲ್ಟು ತೆಗೆದುಕೊಡುವ ಜಾಗ. ಫೋನಿನಲ್ಲಿ ಒಂದು ವಿಡಿಯೊ ನೋಡಿದ ಮೇಲೆ ಬೋರ್ಡಿನ ಕೆಳಗೆ 'ಪೇಟೆಂಟ್ ಸಹ ಬರೆದುಕೊಡಲಾಗುವುದು' ಎಂದು ಸೇರಿಸಿದ್ದ. ಆ ಸಾಲು ಓದಿ ಒಳಗೆ ಬಂದ ಮೊದಲ ಗಿರಾಕಿ ಬೀರೇಶ್.

ಬೀರೇಶ್ ಬರೆದುಕೊಂಡು ಬಂದಿದ್ದ ಚೀಟಿಯನ್ನು ಕನಕರಾಜ್ ಗಟ್ಟಿಯಾಗಿ ಓದಿದ. "ಕುರಿ ತಲೆ ತೂರಿಸುತ್ತದೆ. ನಾವು ಕಾಲಲ್ಲಿ ತುಳಿಯುತ್ತೇವೆ. ಔಷಧಿ ಹೋಗುತ್ತದೆ. ಆಮೇಲೆ ಕುರಿ ಬಿಡಬೇಕು."

"ಇದೇನ್ಲೇ ಬೀರ, ಪೇಟೆಂಟೋ, ಮನೆಗೆ ಹೇಳಿ ಕಳಿಸಿದ ಸುದ್ದಿಯೋ?"

"ಇರೋದೇ ಇಷ್ಟು ಐತಲ್ಲ ಕನಕಣ್ಣ."

"ಇರೋದ್ನ ಇದ್ದಂಗೆ ಬರೆದ್ರೆ ಯಾರಪ್ಪ ಮರ್ಯಾದೆ ಕೊಡ್ತಾರೆ? ಅದಕ್ಕೇ ಏಐ ಐತೆ. ನಾವು ಒಂದು ಬರೆದು ಕೊಟ್ರೆ ಅದು ತಿದ್ದಿ ಬ್ಯಾರೆ ಬರೀತೈತೆ. ಕುಂತ್ಕ."

ಕನಕರಾಜ್ ಟೈಪ್ ಮಾಡಿದ. ಪರದೆಯ ಮೇಲೆ ಅಕ್ಷರಗಳು ಹಟ್ಟಿಯಿಂದ ಬಿಟ್ಟ ಕುರಿಗಳ ಹಾಗೆ ಒಂದರ ಹಿಂದೊಂದು ಓಡಿಬಂದವು. "ಚತುಷ್ಪಾದ ಜೀವಿಯ ಶಿರೋಭಾಗವನ್ನು ಸ್ವೀಕರಿಸುವ ಆವರಣವೊಂದರಲ್ಲಿ, ಬಳಕೆದಾರರ ಪಾದದ ಒತ್ತಡದಿಂದ ದ್ರವಪದಾರ್ಥವನ್ನು ನಿಯತ ಪ್ರಮಾಣದಲ್ಲಿ ಪ್ರವಹಿಸುವಂತೆ ಮಾಡುವ ವ್ಯವಸ್ಥೆ."

ಬೀರೇಶ್ ಎರಡು ಸಲ ಓದಿಸಿಕೊಂಡ. "ಕುರಿ ಎಲ್ಲಿ ಹೋತು?"

"ಚತುಷ್ಪಾದ ಜೀವಿ ಒಳಗೈತೆ. ಹಿಂಗೆ ಬರೆದ್ರೆ ಮೇಕೆ, ಎಮ್ಮೆ, ದನ ಎಲ್ಲಾ ನಿನ್ನ ಲೆಕ್ಕಕ್ಕೇ ಬರ್ತಾವೆ."

ಕೂತಲ್ಲೇ ಇಷ್ಟೊಂದು ಜಾನುವಾರು ಬಂದದ್ದು ಕಂಡು ಬೀರೇಶನಿಗೆ ಖುಷಿಯಾಯಿತು. ಪಾದದ ಒತ್ತಡವೂ ಸರಿಯಾಗಿಯೇ ಇತ್ತು. ಅಲ್ಲಿಗೇ ಅರ್ಜಿ ಕಳಿಸಿದ್ದರೆ ಈ ಕತೆ ಇರುತ್ತಿರಲಿಲ್ಲ. ಆದರೆ ಒಬ್ಬನ ಅರ್ಜಿಯನ್ನು ಒಬ್ಬನೇ ಬರೆಯುವ ಪದ್ಧತಿ ನಮ್ಮ ಕಡೆ ಇಲ್ಲ.

ಪಿಂಚಣಿ ಕೆಲಸಕ್ಕೆಂದು ಬಂದು ಕೂತಿದ್ದ ಗಂಗಾಧರಪ್ಪ ಮೇಷ್ಟ್ರು ಕನ್ನಡಕ ಏರಿಸಿ ಪರದೆಯ ಹತ್ತಿರ ಬಂದರು. ಬೀರೇಶನಿಗೆ ನಾಲ್ಕನೇ ಕ್ಲಾಸಿನಲ್ಲಿ ಪಾಠ ಹೇಳಿದವರು. ಅವರ ಮುಂದೆ ಅವನ ನಾಲಿಗೆ ಇವತ್ತಿಗೂ ನಾಲ್ಕನೇ ಕ್ಲಾಸು ಪಾಸಾಗಿರಲಿಲ್ಲ.

"ಏನಪ್ಪ ಇದು, ಪಾದ ಅಂತ ಬರೆದೀರಿ?"

"ಕಾಲಲ್ಲೇ ತುಳಿಯೋದು ಮೇಷ್ಟ್ರೇ."

"ತುಳಿಯಪ್ಪ, ಯಾರು ಬ್ಯಾಡ ಅಂದ್ರು? ನಿನ್ನ ಶಾಪಿನಾಗೆ ತುಳಿ. ಕಾಗದದಾಗೆ ತುಳೀಬ್ಯಾಡ. ಬಾಯಿಗೆ ಹೋಗೋ ಔಷಧೀನ ಕಾಲಲ್ಲಿ ಕೊಡ್ತೀನಿ ಅಂತ ಸರ್ಕಾರಕ್ಕೆ ಬರೀತಾರೇನು? ಪುಸ್ತಕಕ್ಕೆ ಕಾಲು ತಾಗಿದ್ರೆ ಕಣ್ಣಿಗೊತ್ಕಳ್ರಿ ಅಂತ ನಿಮಗೆ ಹೇಳಿಕೊಟ್ಟಿದ್ದು ಇದಕ್ಕೇನಾ?"

ಬೀರೇಶನ ಕೈ ತಾನಾಗಿಯೇ ಕಣ್ಣಿಗೆ ಹೋಯಿತು. ಕನಕರಾಜನಿಗೂ ನ್ಯಾಯ ಅನ್ನಿಸಿತು. 'ಪಾದ ಬೇಡ, ಹಸ್ತ ಇರಲಿ' ಎಂದು ಟೈಪ್ ಮಾಡಿದ.

"ಅತ್ಯುತ್ತಮ ಸಲಹೆ!" ಎಂದಿತು ಏಐ. "ಹೆಚ್ಚು ಗೌರವಯುತವಾಗಿ ತಿದ್ದಿದ್ದೇನೆ. ಹಸ್ತವು ನೆಲಮಟ್ಟಕ್ಕೆ ಸುಲಭವಾಗಿ ಎಟುಕದ ಕಾರಣ ಒತ್ತುವ ಸಾಧನವನ್ನು ಪಾರ್ಶ್ವಕ್ಕೆ ಸ್ಥಳಾಂತರಿಸಿದ್ದೇನೆ."

"ಕನಕಣ್ಣ, ಅದು ಕೈ ಅಲ್ಲ, ಕಾಲೇ ಬೇಕು..."

"ಲೇ, ಅರ್ಥ ಒಂದೇ ಕಣೋ. ಮೇಲಿನೋರು ಅರ್ಥ ಮಾಡ್ಕಂತಾರೆ. ಮೇಷ್ಟ್ರ ಮುಂದೆ ವಾದ ಮಾಡ್ಬ್ಯಾಡ."

ಅಷ್ಟರಲ್ಲಿ ಪಕ್ಕದ ಟೀ ಅಂಗಡಿಯ ರೇಣುಕಮ್ಮ ಟೀ ಹಿಡಿದು ಬಂದಳು. ಟೀ ಕೊಟ್ಟವಳು ಯಂತ್ರದ ಮಾತು ಕೇಳಿ ಅಲ್ಲೇ ನಿಂತಳು. ಆಕೆಯ ಗಂಡ ಕುರಿ ಹೊಡೆದುಕೊಂಡು ಹೊಸದುರ್ಗದ ಕಡೆ ಹೋದರೆ ತಿಂಗಳುಗಟ್ಟಲೆ ತಿರುಗಿ ಬರುವವನಲ್ಲ.

"ಅಲ್ಲ ಬೀರೇಶ, ಇದ್ನ ಹೊತ್ಕಂಡು ತಿರುಗೋರ್ಯಾರು? ಗಾಲಿ ಹಾಕು."

"ಗಾಲಿ ಹಾಕಿದ್ರೆ ತುಳಿಯೋ ಹೊತ್ನಾಗೆ ಯಂತ್ರ ಮುಂದಕ್ಕೆ ಓಡ್ತೈತೆ ರೇಣುಕಕ್ಕ."

"ಓಡ್ಲಿ ಬಿಡು, ಕುರೀನೂ ಅದ್ರ ಜತಿಗೆ ಊರು ಸೇರ್ತಾವೆ. ಗಾಲಿ ಇದ್ರೆ ಯಂತ್ರ. ಇಲ್ಲಾಂದ್ರೆ ಅದು ಬರೀ ಕಿಟಕಿ."

ಸರದಿಯಲ್ಲಿ ನಿಂತಿದ್ದವರೆಲ್ಲ ನಕ್ಕರು. ನಕ್ಕವರೆಲ್ಲ ಗಾಲಿಯ ಪಕ್ಷ ಸೇರಿದರು. ಕನಕರಾಜ್ ಟೈಪ್ ಮಾಡಿದ.

"ಅತ್ಯುತ್ತಮ ಸಲಹೆ! ಎರಡು ಚಕ್ರಗಳನ್ನು ಅಗತ್ಯ ಭಾಗವಾಗಿ ಸೇರಿಸಿದ್ದೇನೆ."

ಬೀರೇಶ್ ಪರದೆಯನ್ನು ಅನುಮಾನದಿಂದ ನೋಡಿದ. "ಇದ್ಯಾರು ಕನಕಣ್ಣ, ಯಾರು ಏನಂದ್ರೂ ಹೂಂ ಅಂತೈತೆ? ಕುರಿ ಸಂತೇಲಿ ದಲ್ಲಾಳಿ ಸೈತ ಇಷ್ಟು ಒಪ್ಪಲ್ಲ."

"ಅದು ಓದ್ಕಂಡಿರೋದು ಕಣೋ. ಓದ್ಕಂಡೋರು ಜಗಳಾಡಲ್ಲ."

ನೆತ್ತಿಯ ಮೇಲಿನ ಲೈಟು ಒಮ್ಮೆ ಮಿಣುಕಿತು. "ಕರೆಂಟ್ ಹೋಗೋದ್ರೊಳಗೆ ಕಳಿಸ್ಬಿಡ್ತೀನಿ ತಡಿ," ಎಂದು ಕನಕರಾಜ್ ಗುಂಡಿ ಒತ್ತಿಯೇಬಿಟ್ಟ. ಅರ್ಜಿ ಹೋಯಿತು. ಕರೆಂಟ್ ಹೋಗಲಿಲ್ಲ.

ಎಲ್ಲರೂ ಬೀರೇಶನ ಕೈ ಕುಲುಕಿದರು. ರೇಣುಕಮ್ಮ ಎರಡನೇ ಸುತ್ತು ಟೀ ಕೊಟ್ಟಳು. ತನ್ನ ಸೆಂಟರಿನ ಮೊದಲ ಪೇಟೆಂಟ್ ಎಂದು ಗೋಡೆಗೆ ಕಟ್ಟು ಹಾಕಿಸುವ ಆಸೆ ಕನಕರಾಜನಿಗೆ ಬಂತು. ಅರ್ಜಿಯಲ್ಲಿ ಬರೆದ ಪ್ರಕಾರವೇ ಯಂತ್ರದ ಚಿತ್ರ ಬಿಡಿಸು ಎಂದು ಏಐಗೆ ಹೇಳಿದ.

ಚಿತ್ರ ಬಂತು. ಚೌಕಟ್ಟು, ಪಕ್ಕಕ್ಕೊಂದು ಕೈಹಿಡಿಕೆ, ಕೆಳಗೆ ಎರಡು ಗಾಲಿ.

"ಎಲ್ಲೋ ನೋಡಿದೀನಲ್ಲ ಇದ್ನ," ಎಂದರು ಮೇಷ್ಟ್ರು.

"ಎಲ್ಲೋ ಏನು ಮೇಷ್ಟ್ರೇ, ದುರ್ಗದ ರಾಜಶೇಖರಂದು!" ಎಂದಳು ರೇಣುಕಮ್ಮ. "ನಮ್ಮನೇರು ಇದ್ನೇ ತಂದು ಇರೋ ಅಂಗಿನೆಲ್ಲಾ ಹಾಳು ಮಾಡ್ಕಂಡ್ರು."

ಕನಕರಾಜ್ ಎದೆಗುಂದಲಿಲ್ಲ. ರಾಜಶೇಖರನ ಯಂತ್ರವೂ ಈ ಚಿತ್ರದಂತೆಯೇ ಇದೆ, ಅದು ನಮ್ಮ ಅರ್ಜಿಯ ವ್ಯಾಪ್ತಿಗೆ ಬರುತ್ತದೆಯೇ ಎಂದು ಏಐಯನ್ನು ಕೇಳಿದ. "ಹೌದು, ಸಂಪೂರ್ಣವಾಗಿ ಬರುತ್ತದೆ," ಎಂದಿತು ಏಐ. ಸೆಂಟರಿನಲ್ಲಿ ಶಿಳ್ಳೆ ಬಿತ್ತು. "ಸಿಕ್ಕಿಬಿದ್ದ ಕಳ್ಳ!" ಎಂದು ಕನಕರಾಜ್ ಮೇಜು ಗುದ್ದಿದ.

"ನಂದು ಬರ್ತೈತಾ ಕೇಳು," ಎಂದ ಬೀರೇಶ್.

ಶಿಳ್ಳೆ ನಿಂತಿತು. ಕನಕರಾಜ್ ಕೇಳಿದ.

"ಕ್ಷಮಿಸಿ. ಬೀರೇಶ್ ಅವರ ಯಂತ್ರ ಪಾದದಿಂದ ನಡೆಯುವುದರಿಂದ ಹಾಗೂ ಅದಕ್ಕೆ ಚಕ್ರಗಳಿಲ್ಲದಿರುವುದರಿಂದ ಈ ಅರ್ಜಿಯ ವ್ಯಾಪ್ತಿಗೆ ಬರುವುದಿಲ್ಲ. ರಾಜಶೇಖರ್ ಅವರ ಯಂತ್ರ ಈಗಾಗಲೇ ಮಾರುಕಟ್ಟೆಯಲ್ಲಿದ್ದರೆ, ಬೀರೇಶ್ ಅವರ ಅರ್ಜಿ ಅದರ ನಕಲು ಎಂದು ಕಾಣುವ ಸಂಭವವಿದೆ. ಬೇರೇನಾದರೂ ಸಹಾಯ ಬೇಕೇ?"

ಬೆಳಿಗ್ಗೆ ಕಳ್ಳನನ್ನು ಹಿಡಿಯಲು ಬಸ್ಸು ಹತ್ತಿದವನು ಮಧ್ಯಾಹ್ನದ ಹೊತ್ತಿಗೆ ತನ್ನ ಮಾಲನ್ನು ಕಳ್ಳನಿಂದ ಕದ್ದವನಾಗಿದ್ದ.

"ಮೊದ್ಲು ಬರೆದಿದ್ನೇ ಹಾಕು ಕನಕಣ್ಣ. ಆ ಪಾದ ಇತ್ತಲ್ಲ, ಅದು."

"ಕಳಿಸಿದ ಮ್ಯಾಲೆ ಹೊಸದೇನೂ ಸೇರಿಸೋ ಹಂಗಿಲ್ಲ ಕಣೋ, ರೂಲ್ಸು."

"ಇನ್ನೊಂದು ಅರ್ಜಿ ಹಾಕಾಣ."

"ಆಗ ನಿನ್ನ ಮ್ಯಾಲೆ ನೀನೇ ತಕರಾರು ಹೂಡಿದಂಗಾಗ್ತೈತೆ," ಎಂದ ಕನಕರಾಜ್. ಅದು ನಿಜವೋ ಅಲ್ಲವೋ ಅವನಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ಬೋರ್ಡು ಅಡ್ಡ ಬಂತು. ಅವನು ಮತ್ತೆ ಏಐಯನ್ನೇ ಕೇಳಿದ. "ಬರಹಕ್ಕೂ ಯಂತ್ರಕ್ಕೂ ಹೊಂದಿಕೆಯಾಗದಿದ್ದರೆ ಎರಡರಲ್ಲಿ ಒಂದನ್ನು ತಿದ್ದಬಹುದು," ಎಂದು ಅದು ನಯವಾಗಿ ಹೇಳಿತು.

ಬರಹ ಆಗಲೇ ಕೈಮೀರಿ ಹೋಗಿತ್ತು.

"ಅಯ್ಯೋ, ಇಷ್ಟೇನಾ!" ಎಂದು ಕನಕರಾಜ್ ಎದ್ದು ನಿಂತ. "ಯಂತ್ರ ನಿಂದು, ವೆಲ್ಡಿಂಗ್ ಶಾಪು ನಿಂದು. ಹೋಗಾಣ ನಡಿ."

ಬೀರೇಶ್ ಬೇಡವೆಂದರೂ ಕೇಳದೆ ಕನಕರಾಜ್, ಮೇಷ್ಟ್ರು ಇಬ್ಬರೂ ಅವನನ್ನು ಆಟೋದಲ್ಲಿ ನಡುವೆ ಕೂರಿಸಿಕೊಂಡು ಹೊರಟರು. ರೇಣುಕಮ್ಮ ಅಂಗಡಿಗೆ ಬಾಗಿಲು ಹಾಕಿ ಡ್ರೈವರನ ಪಕ್ಕ ಕೂತಳು. ಆದಿವಾಲ ಮುಟ್ಟುವುದರೊಳಗೆ ಹಿಡಿಕೆ ಎಡಕ್ಕಿರಬೇಕೋ ಬಲಕ್ಕಿರಬೇಕೋ ಎಂಬ ಚರ್ಚೆ ಮುಗಿದು, ಬಣ್ಣದ ಚರ್ಚೆ ಶುರುವಾಗಿತ್ತು.

ಶಾಪಿನಲ್ಲಿ ಯಂತ್ರ ನಿಂತಿತ್ತು. ಕನಕರಾಜ್ ಅರ್ಜಿಯ ಪ್ರತಿ ಹಿಡಿದು, ಮದುವೆ ಮನೆಯಲ್ಲಿ ಸಾಮಾನು ಒಪ್ಪಿಸಿಕೊಳ್ಳುವವನಂತೆ ಅದರ ಸುತ್ತ ಒಂದು ಸುತ್ತು ಬಂದ. "ಗಾಲಿ ಇಲ್ಲ. ಹಿಡಿಕೆ ಇಲ್ಲ. ಪೆಡಲ್ ಐತೆ, ಇರಬಾರದು. ಬರಹ ಎಲ್ಲಾ ಸರಿ ಐತೆ ಬೀರ, ನಿನ್ನ ಯಂತ್ರಾನೇ ತಪ್ಪು."

"ಪೆಡಲ್ ತೆಗೆದ್ರೆ ಔಷಧಿ ಅಂಗಿಗೆ ಹೋಗ್ತೈತಲ್ಲ ಕನಕಣ್ಣ."

"ಅಂಗಿ ವಿಚಾರ ಅರ್ಜಿಲಿ ಎಲ್ಲೂ ಬಂದಿಲ್ಲ."

"ಅಲ್ಲೇನೈತೋ ಹಂಗೇ ಮಾಡಪ್ಪ," ಎಂದರು ಮೇಷ್ಟ್ರು ಮೃದುವಾಗಿ. "ಬರೆದಿದ್ದಕ್ಕೆ ಗೌರವ ಕೊಡಬೇಕು."

ಕನಕರಾಜ್ ಮೂಲೆಯಲ್ಲಿದ್ದ ಕಬ್ಬಿಣ ಕತ್ತರಿಸುವ ಮಿಷನ್ ಎತ್ತಿ ಬೀರೇಶನ ಕೈಗೆ ಕೊಟ್ಟು, ತಾನೇ ಹೋಗಿ ಸ್ವಿಚ್ ಹಾಕಿದ. ರೇಣುಕಮ್ಮ ಕಿಡಿ ಬೀಳದಷ್ಟು ದೂರ ಸರಿದು ಸೆರಗು ಹೊದ್ದುಕೊಂಡಳು. ಮೇಷ್ಟ್ರು ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡರು.

"ಹೂಂ, ಕುಯ್ಯಿ," ಎಂದ ಕನಕರಾಜ್.

ಬೀರೇಶ್ ಮಿಷನ್ ನೆಲಕ್ಕಿಟ್ಟ. ಯಂತ್ರದ ಹತ್ತಿರ ಹೋಗಿ ಚಪ್ಪಲಿ ಬಿಟ್ಟು, ಮೇಷ್ಟ್ರ ಎದುರಿಗೇ, ಪೆಡಲಿನ ಮೇಲೆ ಕಾಲಿಟ್ಟ.

"ಕುಯ್ಯಲ್ಲ ಮೇಷ್ಟ್ರೇ."