ಗಟ್ಟಿಮೇಳಕ್ಕೆ ಘಾನಾದ ಡೋಲು

ಪೊಳಲಿಯ ಅಮ್ಮನಾಣೆ, ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಊರಿಗೆ ಬರುವ ವಿಚಿತ್ರಗಳೆಲ್ಲ ನೇರ ನನ್ನ ಜಗಲಿಗೇ ಬರುತ್ತವೆ, ನಾನೇನು ಮಾಡಲಿ? ಎಪ್ಪತ್ತರ ದಶಕದ ಕೊನೆಗೆ ಗುರುವಾಯನಕೆರೆಯಲ್ಲಿ ನನ್ನದೊಂದು ಮದುವೆ ಹಾಡಿನ ಪಾರ್ಟಿ ಇತ್ತು. ಹಾರ್ಮೋನಿಯಂ ನಾನು. ನನ್ನಷ್ಟು ನುಡಿಸುವವರು ಮಂಗಳೂರಿನಿಂದ ಈಚೆ ಇರಲಿಲ್ಲ, ಆಚೆಯೂ ವಿಚಾರಿಸಿದ್ದೇನೆ.

ದೊರೆ ಇಳಿದದ್ದು

ಮೂಡುಬಿದಿರೆಯ ಬಸದಿ ನೋಡಲು ಹೊರಟ ವೇಲ್ಸಿನ ಬಿಳಿಯನೊಬ್ಬ ನನ್ನ ಹಾರ್ಮೋನಿಯಂ ಕೇಳಿ ಬಸ್ಸಿನಿಂದ ಇಳಿದೇಬಿಟ್ಟ. ಒಂದು ಹೆಗಲಲ್ಲಿ ಗಿಟಾರ್, ಇನ್ನೊಂದರಲ್ಲಿ ಘಾನಾದಲ್ಲಿ ಕಲಿತು ತಂದ ಡೋಲು. ನಾವು ಅವನನ್ನು ದೊರೆ ಎಂದೆವು.

"ಆಫ್ರಿಕಾದ ತಾಳಕ್ಕೆ ನಮ್ಮೂರಿನ ತಲೆ ತಿರುಗಿಸುವ ಗಿಟಾರ್ ಬೆರೆಸುತ್ತೇನೆ" ಎಂದು ನುಡಿಸಿ ತೋರಿಸಿದ.

ನಮ್ಮ ತಬಲದವ ಕಂಬ ಹಿಡಿದು ಕೂತ. "ಅಡಿಕೆ ಸೊಕ್ಕಿ ತಲೆ ತಿರುಗಿದ ಹಾಗೆ ಉಂಟು ಮಾರಾಯ್ರೆ, ವೀಳ್ಯದೆಲೆಯೇ ಬೇಡ!"

ಕಾಫಿಗೆ ಕರೆ

ಹೇಳಿದ್ದನ್ನೇ ಏಳೆಂಟು ಸಲ ಹೇಳುವ ಎಕೋ ಪೆಟ್ಟಿಗೆಯೊಂದು ದೊರೆಯ ಹತ್ತಿರ ಇತ್ತು. ಜಗಲಿಯಲ್ಲಿ ಅದನ್ನು ಲೌಡ್‌ಸ್ಪೀಕರಿಗೆ ಜೋಡಿಸುವಾಗ ನನ್ನ ಹೆಂಡತಿ ಮೈಕಿನ ಬದಿಗೆ ಬಂದು, "ಕಾಫಿ ಆಯ್ತು, ಬನ್ನಿ" ಎಂದಳು.

"ಬನ್ನಿ... ಬನ್ನಿ... ಬನ್ನಿ..."

ಇಷ್ಟು ಒತ್ತಾಯ ಮಾಡಿದ ಮೇಲೆ ಬಾರದಿರುವುದು ಹೇಗೆಂದು ಹನ್ನೊಂದು ಮನೆಯವರು ಬಂದರು. ಹೆಂಡತಿ ಎರಡು ಸಲ ಹಾಲು ಕಡ ತಂದು, ಆಮೇಲೆ ನನ್ನಲ್ಲಿ ಕೇಳಿದಳು: "ಆ ಪೆಟ್ಟಿಗೆಗೆ 'ಹೋಗಿ' ಎಂದು ಹೇಳಲಿಕ್ಕೆ ಬರುವುದಿಲ್ಲವಾ?"

ಬಂಟ್ವಾಳದ ಮದುವೆ

ತಂಗಿಯ ಮಗಳ ಮದುವೆ. ಹುಡುಗಿಯ ಅಪ್ಪ, ನನ್ನ ಭಾವ, ಮೊದಲೇ ಹೇಳಿದ್ದರು: "ನಿಮ್ಮ ದೊರೆ ಬರಲಿ. ಆದರೆ ನಿಮ್ಮಿಂದ ಏನಾದರೂ ಎಡವಟ್ಟಾದರೆ ಭಾವ, ಹಾರ್ಮೋನಿಯಂ ನನ್ನ ಅಟ್ಟಕ್ಕೆ. ಮತ್ತೆ ಕೇಳಬೇಡಿ."

ನಮ್ಮವರ ಕ್ರಮ ಗೊತ್ತಲ್ಲ? ಹಿಂದೆ ಕೂತವರು ಮಂಟಪ ನೋಡುವುದಿಲ್ಲ. ಅಕ್ಷತೆ ಮುಷ್ಟಿಯಲ್ಲಿ, ಮಾತು ಪಕ್ಕದವರಲ್ಲಿ. ಗಟ್ಟಿಮೇಳ ಕೇಳಿದ್ದೇ ಅಕ್ಷತೆ ಎಸೆದು ಮೊದಲ ಪಂಕ್ತಿಗೆ ಓಟ.

ವರನ ದಿಬ್ಬಣದ ಬಸ್ಸು ಬೆಳುವಾಯಿಯಲ್ಲಿ ಪಂಕ್ಚರ್. ಪುರೋಹಿತರೊಬ್ಬರೇ ಮಂಟಪದಲ್ಲಿ. ಆಗ ದೊರೆ, ಎಕೋ ಸರಿ ಉಂಟಾ ನೋಡುವ ಎಂದು ಡೋಲು ಬಡಿದ. ಒಂದು ಪೆಟ್ಟು ಎಂಟಾಯಿತು, ಎಂಟು ಅರುವತ್ತನಾಲ್ಕಾಯಿತು. ಅಕ್ಷತೆಯೆಲ್ಲ ಪುರೋಹಿತರ ಮೇಲೆ! ಎರಡು ನಿಮಿಷದಲ್ಲಿ ಹಾಲ್ ಖಾಲಿ, ಊಟದ ಚಪ್ಪರ ಭರ್ತಿ.

ದಿಬ್ಬಣ ಬರುವಾಗ ಜನ ಪಾಯಸಕ್ಕೆ ತಲುಪಿದ್ದರು. ವರನ ಅಪ್ಪ ಕೆಂಪಾದರು: "ನಮ್ಮ ಹುಡುಗ ಇಲ್ಲಿ ನಿಂತಿದ್ದಾನೆ. ಮದುವೆ ಯಾರಿಗೆ ಆದದ್ದು?"

ಪುರೋಹಿತರು ಜುಟ್ಟು ಕೊಡವಿಕೊಂಡು, "ಅಕ್ಷತೆ ನೋಡಿದರೆ ನನಗೇ" ಎಂದರು.

ವರನ ಅಪ್ಪನಿಗೂ ನಗು ತಡೆಯಲಿಲ್ಲ. ಭಾವ ಮಾತ್ರ ನಗಲಿಲ್ಲ. "ಯಾರು ಬಡಿದದ್ದು?"

ಚಪ್ಪರದ ಹೊರಗೆ ಎಳನೀರಿನ ಬೊಂಡ ಕುಡಿಯುತ್ತಿದ್ದ ದೊರೆಯನ್ನು ತೋರಿಸಿದೆ. ದೊರೆ ಭಾವನನ್ನು ನೋಡಿ, ಬೊಂಡ ಕಂಕುಳಲ್ಲಿಟ್ಟು, ಕೈ ಮುಗಿದು ನಕ್ಕ. ಅಷ್ಟು ದೂರದಿಂದ ಬಂದವನಿಗೆ ಬೈಯುವುದು ಹೇಗೆ? ಭಾವನೂ ಕೈ ಮುಗಿದರು. ಹಾರ್ಮೋನಿಯಂ ಉಳಿಯಿತು. ಕೈ ತೊಳೆದು ಬಂದವರು ಎರಡನೇ ಸಲ ಅಕ್ಷತೆ ಹಾಕಿದರು, ಈ ಸಲ ವರನಿಗೆ.

ಎಲ್ಲ ಸತ್ಯ. ಒಂದು ಸಣ್ಣ ವಿಷಯ ಮಾತ್ರ ಭಾವನಿಗೆ ಹೇಳಿದ ಹಾಗೆಯೇ ನಿಮಗೂ ಹೇಳಿದ್ದೇನೆ. ಆಗಲೂ ಹೊರಗೆ ಬೊಂಡ ಕುಡಿಯುತ್ತಿದ್ದವ ಒಳಗೆ ಡೋಲು ಬಡಿಯುವುದು ಹೇಗೆ ಮಾರಾಯ್ರೆ? ಬಡಿದದ್ದು ನಾನು.