ಅಲುಗಾಡದ ಹೋಲ್ಡರು

ಭೀಮನ ಸ್ವಂತ ಫೋನು ಹೋದ ತಿಂಗಳು ಹೊಳೆಗೆ ಬಿತ್ತು. ಹೊಳೆನರಸೀಪುರದ ಸೇತುವೆಯ ಮೇಲೆ ಸೈಕಲ್ಲು ಒಂದು ಗುಂಡಿಗಿಳಿದು ಎದ್ದಾಗ, ಅಂಗಿಯ ಜೇಬಿನಿಂದ ಕಪ್ಪೆಯ ಹಾಗೆ ನೆಗೆದು, ಕಂಬಿಗಳ ಸಂದಿಯಲ್ಲಿ ನುಸುಳಿ ಹೇಮಾವತಿ ಸೇರಿತು. ಮುಳುಗಿದ ಮೇಲೂ ಎರಡು ಸಲ ರಿಂಗಾಯಿತೆಂದು ಅವನು ಇಂದಿಗೂ ಆಣೆ ಮಾಡುತ್ತಾನೆ.

ಅಂಥವನ ಕೈಗೆ ಈವತ್ತು ಬೆಳಿಗ್ಗೆ ಅಕ್ಕ ದಿವ್ಯಾ ತನ್ನ ಫೋನು ಕೊಟ್ಟಳು. ಕೊಟ್ಟಳು ಅನ್ನುವುದಕ್ಕಿಂತ, ಒಂದೊಂದೇ ಬೆರಳು ಸಡಿಲಿಸಿದಳು ಅನ್ನಬೇಕು. ಮನೆಯಲ್ಲೇ ರವಿಕೆ ಹೊಲಿಯುವ ಅವಳಿಗೆ ಆ ಫೋನೇ ಅಂಗಡಿ.

"ಮೂರು ಗಂಟೆ ಅಂದ್ರೆ ಮೂರು ಗಂಟೆ. ಕ್ವಾಟೆ ಬೀದಿ ಶ್ರೀಗೌರಿ ಮದ್ವೆ ರವಿಕೆ ಡಿಸೈನೆಲ್ಲ ಇದ್ರಲ್ಲೇ ಅವೆ. ಒಂದು ಗೀರು ಬಿದ್ದಿರ್ಲಿ, ನಿನ್ನೇ ಮೆಷಿನ್‌ಗೆ ಕೊಟ್ಟು ಒಲ್ದಾಕ್ಬುಡ್ತೀನಿ ಕಣ್ಲಾ."

ಭೀಮನಿಗೆ ಫೋನು ಬೇಕಾದದ್ದು ಕೆಲಸಕ್ಕೆ. ಬಸ್ ಸ್ಟ್ಯಾಂಡಿನ ಹಿಂದೆ 'ತಟ್ಟಂತ' ಅನ್ನುವ ಕಂಪನಿ ಗೋಡೌನು ತೆರೆದು, ಮನೆಮನೆಗೆ ದಿನಸಿ ತಲುಪಿಸಲು ಒಬ್ಬ ಆಳು ಬೇಕೆಂದಿತ್ತು. ಒಂದು ದಿನದ ಪರೀಕ್ಷೆ. ಸಂಜೆ ನಾಲ್ಕರೊಳಗೆ ಐದು ಆರ್ಡರು ಮುಟ್ಟಿಸಿದರೆ ಕೆಲಸ. ದಿನಸಿ ಹೊರುವುದಕ್ಕೆ ಬೇಕಾದದ್ದು ಕಾಲು, ಸೊಂಟ. ಆದರೆ ಕಂಪನಿ ಮೊದಲು ಕೇಳಿದ್ದು ಫೋನ್ ನಂಬರು. ಭೀಮನ ನಂಬರು ಹೊಳೆಯ ತಳದಲ್ಲಿತ್ತು. ಅಕ್ಕನ ನಂಬರು ಕೊಟ್ಟ. ಆಪ್‌ನಲ್ಲಿ ತಾನಾಗೇ ತುಂಬಿಕೊಂಡು ಬಂದದ್ದಕ್ಕೆಲ್ಲ ಓದದೆ 'ಸರಿ' ಎಂದು ಒತ್ತಿದ.

ಕೆಲಸ ಸಿಗದಿದ್ದರೆ ಏನೆಂಬುದೂ ತೀರ್ಮಾನವಾಗಿತ್ತು. ಅಪ್ಪ ಮಂಚಯ್ಯ ರಾಮನಾಥಪುರದ ಮಾವನಿಗೆ ಆಗಲೇ ಹೇಳಿಟ್ಟಿದ್ದ: ನಾಳೆಯಿಂದ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಬಾಯಲ್ಲಿ ಕೂತು ಬೆಂಕಿ ಕಾಯುವುದು. ಎಸ್ಸೆಸ್ಸೆಲ್ಸಿಗೆ ಮೂರು ಸಲ ಕೂತು ಮೂರು ಸಲವೂ ಎದ್ದು ಬಂದವನಿಗೆ ಇನ್ನೇನು ಕೊಡುತ್ತಾರೆ? ಆ ಬೆಂಕಿಯನ್ನು ನೆನೆದರೆ ಭೀಮನಿಗೆ ಈಗಲೇ ರೆಪ್ಪೆಯ ಕೂದಲು ಸುಟ್ಟ ವಾಸನೆ ಬರುತ್ತಿತ್ತು.

ಹಾಗಾಗಿ ಒಂಬತ್ತಕ್ಕೆಲ್ಲ ಪಂಚಾಕ್ಷರಯ್ಯನ ಸೈಕಲ್ ಅಂಗಡಿಯಲ್ಲಿ ನಿಂತಿದ್ದ.

"ಮೊಬೈಲ್ ಹೋಲ್ಡ್ರು ಕೊಡಿ ಸಾ. ಬೀಳ್ಬಾರ್ದು."

ಪಂಚಾಕ್ಷರಯ್ಯ ಮೂರು ಇಟ್ಟರು. ಒಂದು ರಬ್ಬರಿನದು. ಭೀಮ ಎಳೆದು ನೋಡಿದ, ಹೋಳಿಗೆ ಹಿಟ್ಟಿನ ಹಾಗೆ ಬಂತು. ಇನ್ನೊಂದು ಪ್ಲಾಸ್ಟಿಕ್ಕಿನದು, ಏಡಿಯಂಥ ನಾಲ್ಕು ಕೊಂಡಿ. ಅಲ್ಲಾಡಿಸಿದರೆ ಹಲ್ಲು ಕಡಿದ ಸದ್ದು. ಮೂರನೆಯದು ಅಲ್ಯೂಮಿನಿಯಂ: ನಾಲ್ಕು ಮೂಲೆಗೂ ಹಿಡಿ, ಮೇಲೊಂದು ಬೋಲ್ಟು, ಅದಕ್ಕೆ ಮಾತ್ರ ಹೊಂದುವ ಆರು ಮೂಲೆಯ ಒಂದು ಕೀಲಿ.

"ಇದು ಭೂಮಿ ನಡುಗಿದ್ರೂ ಬಿಡಲ್ಲ," ಎಂದರು ಪಂಚಾಕ್ಷರಯ್ಯ.

"ಸೇತುವೆ ಗುಂಡಿಗೆ ಸಾ?"

"ಅದ್ಕೆ ಗ್ಯಾರಂಟಿ ಕೊಡಾಕಾಗಲ್ಲಪ್ಪ."

ಭೀಮನ ಮುಖ ಬಾಡಿತು. ಆದರೂ ಅದನ್ನೇ ಹ್ಯಾಂಡಲಿಗೆ ಕೂರಿಸಿ, ಅಕ್ಕನ ಫೋನು ಸಿಕ್ಕಿಸಿ, ಕೀಲಿ ತಿರುಗಿಸತೊಡಗಿದ. ಅಷ್ಟರಲ್ಲಿ ಪಂಕ್ಚರ್ ಹಾಕಿಸಲು ಬಂದಿದ್ದ ಬಸವೇಶ ಅನ್ನುವ ಆಟೋದವನಿಗೆ, ಯಾರೂ ಕೇಳದಿದ್ದರೂ, ಉಪಕಾರ ಮಾಡುವ ಹುಮ್ಮಸ್ಸು ಬಂತು.

"ಅಂಗೆಲ್ಲ ಬೆರಳಲ್ಲಿ ತಿರುಗ್ಸಿದ್ರೆ ಆಯ್ತದಾ? ಕೊಡ್ಲಾ ಇಲ್ಲಿ ಕೀಲಿಯ." ಒಂದು ಸುತ್ತು ತಿರುಗಿಸಿದ. "ಇನ್ನೊಂದು." ಮತ್ತೊಂದು. ನಾಲಿಗೆ ಹೊರಹಾಕಿ, ಕಾಲನ್ನು ಗೋಡೆಗೆ ಕೊಟ್ಟು, "ಹೂಂ... ಇನ್ನೊಂದು!"

ಕಟಕ್ ಎಂದಿತು.

ಕೀಲಿ ಸುಮ್ಮನೆ ಗಿರಗಿರ ತಿರುಗತೊಡಗಿತು. ಬೋಲ್ಟಿನ ತಲೆಯ ಆರು ಮೂಲೆಯೂ ಸವೆದು, ಒಳಗೆಲ್ಲ ಬಟ್ಟಲಿನಂತೆ ದುಂಡಗಾಗಿತ್ತು.

"ನೋಡು, ಈಗ ಯಮ ಬಂದ್ರೂ ಬಿಚ್ಚಕಾಗಲ್ಲ," ಎಂದು ಬಸವೇಶ ಕೈ ಒರೆಸಿಕೊಂಡ.

"ಅಣ್ಣಾ, ಮೂರು ಗಂಟೆಗೆ ನಮ್ಮಕ್ಕ ಬಿಚ್ಬೇಕಣ್ಣಾ!"

ಪಂಚಾಕ್ಷರಯ್ಯ ಕನ್ನಡಕ ಏರಿಸಿ ಬಗ್ಗಿ ನೋಡಿದರು. "ಡ್ರಿಲ್ ಹಾಕಿದ್ರೆ ಬತ್ತದೆ. ಫೋನೂ ಬತ್ತದೆ, ಎರಡು ತೂತಾಗಿ."

ಭೀಮ ಸೈಕಲ್ ತಳ್ಳಿಕೊಂಡು ಮನೆಗೆ ಬಂದ. ದಿವ್ಯಾ ಒಳಗೆ ಮೆಷಿನ್ ತುಳಿಯುತ್ತಿದ್ದಳು. ಅವಳಿಗೆ ಕಾಣದಂತೆ ದಿನಸಿ ಹೊರುವ ಚೀಲ ತೆಗೆದುಕೊಂಡು ಹೊರಡಬೇಕೆಂದರೆ ಅವ್ವ ಹೊನ್ನಕ್ಕ ತಟ್ಟೆ ಹಿಡಿದು ಬಾಗಿಲಿಗೇ ಬಂದಳು. ಗಾಡಿಗೆ ಹೊಸದೇನು ಬಂದರೂ ಪೂಜೆಯಿಲ್ಲದೆ ಬೀದಿಗೆ ಬಿಡುವವಳಲ್ಲ. ಚಕ್ರಕ್ಕೆ ನಿಂಬೆಹಣ್ಣು, ಹ್ಯಾಂಡಲಿಗೆ ಹೂವು, ಹೋಲ್ಡರಿಗೆ ಅರಿಸಿನ ಕುಂಕುಮ.

"ಇದೇನ್ಲಾ ಹಿಂದುಗಡೆ, ಕಣ್ಣಿದ್ದಂಗದೆ?"

"ಕ್ಯಾಮೆರಾ ಕಣವ್ವ, ಬುಡು ಹೊತ್ತಾಯ್ತು."

ಕಣ್ಣು ಕಂಡಮೇಲೆ ಬೊಟ್ಟಿಡದೆ ಬಿಡುವುದುಂಟೆ? ಭೀಮ ಚೀಲ ಕಟ್ಟುತ್ತಿದ್ದಾಗ ಹೊನ್ನಕ್ಕ ನೀರಿನಲ್ಲಿ ಕಲಸಿದ ಕುಂಕುಮವನ್ನು ಆ ಗಾಜಿನ ಮೇಲೆ ದಪ್ಪವಾಗಿ ಒತ್ತಿದಳು.

ಗೋಡೌನಿನ ಕಿಟಕಿಯಲ್ಲಿ ಐದೂ ಆರ್ಡರಿನ ದಿನಸಿ ಈಸಿಕೊಂಡು ಹೊರಟ. ಮೊದಲ ಆರ್ಡರು ಸಲೀಸಾಗಿ ಮುಟ್ಟಿತು. ಚೀಲವನ್ನು ಗಿರಾಕಿಯ ಹೊಸ್ತಿಲಲ್ಲಿಟ್ಟು ಫೋಟೋ ತೆಗೆದು ಕಳಿಸುವುದು ಕಂಪನಿಯ ನಿಯಮ. ಫೋನು ಕೈಗೆ ಬರುವಂತಿಲ್ಲ. ಭೀಮ ಸೈಕಲ್ಲನ್ನೇ ಎತ್ತಿ, ಮುಂದಿನ ಚಕ್ರವನ್ನು ಕುರಿಯ ಕೊಂಬಿನಂತೆ ಬಾಗಿಲಿಗೆ ಹಿಡಿದು ಫೋಟೋ ಒತ್ತಿದ. ಎರಡು ನಿಮಿಷದಲ್ಲಿ ಗೋಡೌನಿನ ಸೂಪರ್‌ವೈಸರ್ ದಿಲೀಪ್ ಫೋನ್ ಮಾಡಿದ. ಕಿವಿಗೆ ಹಿಡಿಯಲಾಗದೆ ಸ್ಪೀಕರು ಹಾಕಬೇಕಾಯಿತು. ಪೇಟೆ ಬೀದಿಯೇ ಕೇಳಿಸಿಕೊಂಡಿತು.

"ಏನ್ರೀ ಇದು? ಅಕ್ಕಿ ಕೊಟ್ಟು ಬನ್ನಿ ಅಂದ್ರೆ ಕೊಲೆ ಮಾಡಿ ಬಂದಿದೀರಾ? ಬಾಗ್ಲೆಲ್ಲ ರಕ್ತ!"

"ರಕ್ತ ಅಲ್ಲ ಸಾ, ಕುಂಕುಮ!"

"ಯಾರಿಗ್ರೀ ಕುಂಕುಮ? ಇನ್ನೊಂದು ಫೋಟೋ ಹಿಂಗೆ ಬಂದ್ರೆ ಮನೆಗೆ ಹೋಗಿ."

ಹೋಲ್ಡರಿನ ಸಂದಿಗೆ ಬೆರಳು ಹೋಗಲಿಲ್ಲ. ತೆಂಗಿನ ಗರಿಯ ಕಡ್ಡಿಗೆ ಬಟ್ಟೆ ಸುತ್ತಿ, ಕಿವಿಯ ಗುಗ್ಗೆ ತೆಗೆಯುವ ಹಾಗೆ ಕಾಲು ಗಂಟೆ ಕೆರೆದ. ಕೆಂಪು ಹೋಗಿ ಗುಲಾಬಿ ಬಂತು. ಅಷ್ಟರಲ್ಲಿ ಹನ್ನೆರಡಾಯಿತು.

ಎರಡು ಮತ್ತು ಮೂರನೆಯವು ಒಂದೇ ಕಟ್ಟಡದ ಮೂರನೇ ಮಹಡಿ. ಈ ಸಲ ಗಿರಾಕಿಯ ಸಹಿಯೂ ಬೇಕಿತ್ತು, ಅದೂ ಫೋನಿನ ಮೇಲೆ. ಭೀಮ ಸೈಕಲ್ ಹೆಗಲಿಗೇರಿಸಿದ. ಮೊದಲ ತಿರುವಿನಲ್ಲಿ ಪೆಡಲು ಮೊಳಕಾಲಿಗೆ ಹೊಡೆಯಿತು, ಎರಡನೆಯದರಲ್ಲಿ ಯಾರದೋ ತುಳಸಿಗಿಡದ ತುದಿ ಚೈನಿಗೆ ಸಿಕ್ಕಿತು. ಬಾಗಿಲು ತೆಗೆದ ಧನಲಕ್ಷ್ಮಿ ಅನ್ನುವ ಟೀಚರು ಅವನನ್ನೂ, ಹೆಗಲ ಮೇಲಿನದನ್ನೂ ನೋಡಿ, "ನಾನು ಸೈಕಲ್ ಆರ್ಡರ್ ಮಾಡಿಲ್ಲಪ್ಪ. ಬೆಲ್ಲ, ಹುಣಸೇಹಣ್ಣು ಅಷ್ಟೇ," ಅಂದರು.

ನಾಲ್ಕನೆಯದು ಅಗ್ರಹಾರದ ವರದರಾಜರ ಮನೆ. ವರದರಾಜರಿಗೆ ಮಂಡಿನೋವು. ಹೊಸ್ತಿಲು ದಾಟಿ ಬರಲಾರರು. ಹೆಂಡತಿ ಗೋದಮ್ಮ ಬಾಗಿಲಲ್ಲಿ ನಿಂತು ವಿಷಯವನ್ನೆಲ್ಲ ಸಾವಧಾನವಾಗಿ ಕೇಳಿದರು.

"ಹಾಗಾದ್ರೆ ಸಹಿಗೆ ಸೈಕಲ್ ಒಳಗೆ ಬರ್ಬೇಕು."

"ಹೂಂ ಅಮ್ಮಾರೆ."

ಗೋದಮ್ಮ ಒಂದು ಚೊಂಬು ನೀರು ತಂದು ಎರಡೂ ಚಕ್ರಕ್ಕೆ, ಬಂದ ನೆಂಟರ ಕಾಲಿಗೆ ಹಾಕುವ ಹಾಗೆ, ಹುಯ್ದರು. ಭೀಮ ತಳ್ಳಿಕೊಂಡು ಒಂದು ಹೆಜ್ಜೆ ಇಟ್ಟ.

"ಸೈಕಲ್ ಬರ್ಲಿ. ನೀನು ಅಲ್ಲೇ ನಿಂತ್ಕೋಪ್ಪ."

ಭೀಮನಿಗೆ ಕಿವಿಯವರೆಗೆ ರಕ್ತ ಏರಿತು. ಊರೆಲ್ಲ ಸುತ್ತಿ ಸಗಣಿ ತುಳಿದ ಟೈರಿಗೆ ನಡುಮನೆ, ತನಗೆ ಬಿಸಿಲು. ಬಾಯಿಗೆ ಬಂದದ್ದನ್ನು ಬ್ಯಾರನ್ನಿನ ಬೆಂಕಿ ನೆನೆದು ನುಂಗಿದ. ಒಳಗಿನಿಂದ ವರದರಾಜರು, "ಲೇ ಗೋದೂ, ನಾಚಿಕೆ ಆಗಲ್ವೇನೆ? ಆ ಹುಡುಗನ್ನ ಒಳಗೆ ಕರಿ," ಎಂದು ಗದರಿದ್ದು ಕೇಳಿಸಿತು. ಆದರೆ ಆ ಜಗಳ ಇತ್ಯರ್ಥವಾಗುವಷ್ಟರಲ್ಲಿ ಮೂರು ಹೊಡೆಯಿತು. ಗಂಡ ಹೆಂಡತಿ ಇಬ್ಬರೂ ಒಬ್ಬರ ಮೇಲಿನ ಸಿಟ್ಟಿಗೆ ಒಬ್ಬರು ಎರಡೆರಡು ಸಲ ಸಹಿ ಹಾಕಿದರು.

ಉಳಿದದ್ದು ಒಂದೇ ಚೀಲ. ಭೀಮ ಪೆಡಲಿಗೆ ಕಾಲಿಟ್ಟ. ಬೀದಿಯ ತುದಿಯಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ದಿವ್ಯಾ ನಿಂತಿದ್ದಳು.

"ಕೊಡ್ಲಾ ಫೋನ್ನ."

"ಅಕ್ಕಾ... ಇನ್ನೊಂದೇ ಒಂದು. ಐದೇ ನಿಮಿಷ..."

ದಿವ್ಯಾ ಕೈ ಹಾಕಿ ಎಳೆದಳು. ಫೋನು ಬರಲಿಲ್ಲ, ಹ್ಯಾಂಡಲು ತಿರುಗಿತು. ಹೋಲ್ಡರನ್ನೊಮ್ಮೆ, ತಮ್ಮನನ್ನೊಮ್ಮೆ ನೋಡಿದಳು. ಭೀಮ ಬಸವೇಶನ ಹೆಸರು ಹೇಳಲು ಬಾಯಿ ತೆರೆದ. ಅವಳು ಕೇಳಲಿಲ್ಲ.

"ಇಳಿ."

"ಅಕ್ಕಾ, ನನ್ ಕೆಲ್ಸ!"

"ಇಳೀತೀಯೋ, ಇಳಿಸ್ಲೋ? ಫೋನು ನಂದು. ಅದು ಎಲ್ಲಿಗೆ ಅಂಟ್ಕೊಂಡದೋ ಅದೂ ನಂದು."

ಚೀಲದ ಸಮೇತ ಸೈಕಲ್ಲು ಕೋಟೆ ಬೀದಿಯ ಕಡೆ ತಿರುಗಿ ಮಾಯವಾಯಿತು. ಭೀಮ ಹಿಂದೆಯೇ ಓಡಿದ. ಬಲಗಾಲಿನ ಚಪ್ಪಲಿಯ ಉಂಗುಷ್ಠ ಕಿತ್ತು ಹೋಯಿತು. ಎಲ್ಲೆಲ್ಲಿ ಹುಡುಕಿದರೂ ಸೈಕಲ್ಲಿಲ್ಲ. ಫೋನ್ ಮಾಡೋಣವೆಂದರೆ ಫೋನಿಲ್ಲ. ಮೂರೂವರೆಯಾಯಿತು, ಮೂರೂ ಮುಕ್ಕಾಲಾಯಿತು. ಒಂಟಿ ಚಪ್ಪಲಿ ಕೈಯಲ್ಲಿ ಹಿಡಿದು, ರಾಮನಾಥಪುರದ ಬಸ್ಸು ಎಷ್ಟೊತ್ತಿಗೆಂದು ಯೋಚಿಸುತ್ತ ಗೋಡೌನಿಗೆ ಬಂದ.

ದಿಲೀಪ್ ಹಲ್ಲು ಕಿರಿದು ಎದ್ದು ನಿಂತ. "ಏನ್ರೀ ಇದು ಸ್ಪೀಡು! ಕೊನೇ ಆರ್ಡರು, ಕೋಟೆ ಬೀದೀದು, ಏಳೇ ನಿಮಿಷಕ್ಕೆ ಮುಟ್ಟಿದೆ. ಐದಕ್ಕೆ ಐದು ಸ್ಟಾರು. ಕೆಲ್ಸ ಪಕ್ಕಾ, ಹೆಡ್ಡಾಫೀಸಿಂದ ಓಕೆ ಬಂತು."

ಭೀಮನಿಗೆ ನೆಲ ಸಿಗಲಿಲ್ಲ. ಅಕ್ಕ! ಬೈದರೂ ಅಕ್ಕ ಅಕ್ಕನೇ. ತನಗಾಗಿ ಆ ಚೀಲವನ್ನೂ ಮುಟ್ಟಿಸಿಬಿಟ್ಟಿದ್ದಾಳೆ. ಕಣ್ಣಲ್ಲಿ ನೀರು ತುಂಬಿತು. ದಿಲೀಪನ ಎರಡೂ ಕೈ ಹಿಡಿದು ಕುಲುಕಿದ.

"ಸಾ, ಗುರುತಿನ ಕಾರ್ಡು ಯಾವಾಗ ಕೊಡ್ತೀರಿ?"

"ನಿಮ್ಮಕ್ಕನ ಕೈಗೆ ಆಗ್ಲೇ ಕೊಟ್ನಲ್ಲ."

ಗೋಡೌನಿನ ಒಳಗಿಂದ ದಿವ್ಯಾ ಸೈಕಲ್ ತಳ್ಳಿಕೊಂಡು ಬಂದಳು. ಕೊರಳಲ್ಲಿ ಕಾರ್ಡು. ಕಾರ್ಡಿನಲ್ಲಿ ಅವಳ ಹೆಸರು, ಅವಳ ನಂಬರು, ಹತ್ತು ನಿಮಿಷದ ಹಿಂದೆ ಆಪ್ ಕೇಳಿದಾಗ ಅವಳೇ ತೆಗೆದು ಕಳಿಸಿದ ನಗುಮುಖ.

"ಸಾ, ಕೆಲ್ಸ ನಂದು! ಬೆಳಿಗ್ಗೆಯಿಂದ ಸುತ್ತಿದ್ದು ನಾನು!"

ದಿಲೀಪ್ ತನ್ನ ಫೋನು ತಿರುವಿ ನೋಡಿದ. "ಆಪಲ್ಲಿ ಇರೋದು ದಿವ್ಯಾ ಅಂತ. ಮೊದಲ್ನೇ ನಾಲ್ಕು ಗಿರಾಕಿಗಳು ಯಾರೋ ಒಬ್ಬ ಸೈಕಲ್ ಹೊತ್ಕೊಂಡು ಮನೆಗೆ ನುಗ್ತಾನೆ ಅಂತ ಕಂಪ್ಲೇಂಟ್ ಬರ್ದವ್ರೆ. ಅದು ನೀವಾ?"

ಭೀಮ ಬಾಗಿಲ ಕಡೆ ನಡೆದ.

ಹೊರಗೆ ಬಂದ ಮೇಲೆ ದಿವ್ಯಾ ಅವನ ಬೆನ್ನಿಗೊಂದು ಗುದ್ದಿದಳು. "ಮೋರೆ ಅಂಗ್ಯಾಕ್ಲಾ ಮಾಡ್ಕೊಂಡಿದ್ದೀಯ? ಅಪ್ಪಂಗೆ ನಾನೇಳ್ತೀನಿ ಬುಡು, ನಿನ್ನ ರಾಮನಾಥಪುರಕ್ಕೆ ಕಳ್ಸೋದು ಬ್ಯಾಡ ಅಂತ. ನೀನು ನನಗೇ ಬೇಕು."

ಭೀಮ ಆಸೆಯಿಂದ ತಲೆಯೆತ್ತಿದ.

"ನಾಳೆ ಮೊದ್ಲ್ನೇ ಆರ್ಡ್ರು ಆ ಟೀಚ್ರಮ್ಮನ ಮನೇದೇ ಬಂದದೆ," ಎಂದಳು ದಿವ್ಯಾ, ಸೀಟಿನ ಮೇಲೆ ಕೂರುತ್ತ. "ಮೂರ್ನೇ ಮಹಡಿ. ಸೈಕಲ್ ಒತ್ಕೊಂಡು ಮೆಟ್ಲು ಅತ್ತಾಕೆ ನಿಂಗಂತೂ ರೂಢಿಯಾಗ್ಬುಟ್ಟದಲ್ಲ. ಒಂಬತ್ತೂವರೆಗೆ ಬಂದ್ಬುಡು."