ಹತಾಶೆಗೆ ಒಂದು ವಾಕ್ಯ

ಕನ್ನಡ ಮೇಷ್ಟ್ರಿಗೆ ಎಲ್ಲ ಪದಗಳೂ ಗೊತ್ತಿರುತ್ತವೆ ಎಂಬ ಭ್ರಮೆ ಬೀದರಿನಲ್ಲಿ ಇನ್ನೂ ಇದೆ. ನಾನಾಗಿ ಅದನ್ನು ಕೆಡಿಸಲು ಹೋಗಿಲ್ಲ. ಇವತ್ತು ಎಂಟನೆಯ ತರಗತಿಯ ಹುಡುಗಿಯೊಬ್ಬಳು ಎದ್ದು, "ಸರ್, ಹತಾಶೆ ಅಂದ್ರ ಏನ್ರಿ?" ಎಂದಳು. ಆಸೆ ಈಡೇರದಿದ್ದಾಗ ಆಗುವ ಸಂಕಟ ಎಂದೆ. "ಅದು ನಿರಾಶೆ ಅಂತ ನಿನ್ನಿ ಹೇಳಿದ್ರಿ. ಇದನ್ನ ಒಂದು ವಾಕ್ಯದಾಗ ಹಾಕಿ ತೋರಸ್ರಿ." ಅಷ್ಟರಲ್ಲಿ ಗಂಟೆ ಬಾರಿಸಿ ನನ್ನ ಮಾನ ಉಳಿಯಿತು.

ವಾಕ್ಯ ಹುಡುಕುತ್ತ ಮನೆಗೆ ಬಂದರೆ ಹೆಂಡತಿ ಮಹಾದೇವಿ ತುಂಬಿದ ಬ್ಯಾಗಿನ ಪಕ್ಕ ಕುಳಿತಿದ್ದಳು. ನಾಡಿದ್ದು ಪಂಚಮಿ. ನಮ್ಮ ಕಡೆ ಹೆಣ್ಣುಮಕ್ಕಳು ಈ ಹಬ್ಬಕ್ಕೆ ತವರಿಗೆ ತಾವಾಗಿಯೇ ಹೋಗುವಂತಿಲ್ಲ. ಅಲ್ಲಿಂದ ಯಾರಾದರೂ ಬಂದು ಕರೆದೊಯ್ಯಬೇಕು. ಔರಾದ್ ಕಡೆಯ ಚಿಂತಾಕಿಯಿಂದ ಪ್ರತಿ ವರ್ಷ ಮಾವನವರೇ ಬರುತ್ತಿದ್ದರು. ಈ ಸಲ ಅವರಿಗೆ ಮೊಣಕಾಲು ನೋವು. ಆ ಕೆಲಸ ಅವಳ ತಮ್ಮ ಶರಣಪ್ಪನ ಪಾಲಿಗೆ ಬಂದಿತ್ತು. ಅವನ ಸುಳಿವೇ ಇಲ್ಲ.

"ಬ್ಯಾಸರ ಆಗ್ಯಾದೇನು?" ಎಂದೆ.

"ನನಗ್ಯಾಕ ಬ್ಯಾಸರ ಆಗ್ತದ್ರಿ" ಎಂದು ಬ್ಯಾಗಿನ ಚೈನು ಬಿಚ್ಚಿ ಮತ್ತೆ ಎಳೆದಳು.

"ಅವಗ ಒಂದು ಫೋನರೆ ಮಾಡು."

"ಫೋನ್ ಮಾಡಿ ಕರಸ್ಕೊಳ್ಳಾಕ ಅವಾ ಏನ್ ಆಟೋದವನೇನ್ರಿ? ಅಪ್ಪಗ ಯಾರ್ ನೆನಪು ಮಾಡ್ತಿದ್ರು? ತಮ್ಮಗ ನೆನಪಿಲ್ಲಂದ್ರ ನನ್ನ ತವರು ಇಲ್ಲಿಗಿ ಮುಗೀತು." ದನಿ ನಡುಗಿತು. ಅಷ್ಟರಲ್ಲೂ ಒಳಗಿನ ಮೇಷ್ಟ್ರು 'ಸಿಕ್ಕಿತು ವಾಕ್ಯ' ಎಂದ. ಅವನನ್ನು ಬೈದು ಸುಮ್ಮನಾಗಿಸಿದೆ.

ಸಂಜೆ ಬಾಗಿಲಲ್ಲಿ ಬೈಕ್ ನಿಂತಿತು. ಶರಣಪ್ಪ ಬೆವರು ಒರೆಸುತ್ತ ಬಂದ. "ಮುಂಜಾನಿನೇ ಬೀದರಿಗಿ ಬಂದೀನ್ರಿ ಮಾವಾರ. ಬರೀ ಕೈಲೆ ಹೋಗಬ್ಯಾಡ, ಅಕ್ಕಗ ಬಳಿ ತಗೊಂಡು ಹೋಗು ಅಂದಿದ್ದ ಅಪ್ಪ. ಅಳತಿ ಗೊತ್ತಿಲ್ಲ. ಫೋನ್ ಮಾಡಿ ಕೇಳಿದ್ರ, ಅಪ್ಪ ಎಂದಾದ್ರೂ ಕೇಳಿದ್ದನೇನು ಅಂತ ಬೈತಾಳ. ಅಂಗಡಿ ಅಂಗಡಿ ತಿರುಗಿ, ಕಡೀಗಿ ಎಲ್ಲಾ ಅಳತೀವೂ ತಂದೀನಿ."

"ಹುಚ್ಚಪ್ಪ" ಎಂದು ಮಹಾದೇವಿ ಕಣ್ಣೊರೆಸಿಕೊಂಡು ಕೈ ಚಾಚಿದಳು. ಮೂರನೆಯ ಡಜನ್ ಸರಿಹೋಯಿತು.

ಅಕ್ಕನನ್ನು ಹಿಂದೆ ಕೂರಿಸಿಕೊಂಡು ಬೈಕ್ ಚಾಲೂ ಮಾಡುತ್ತ ಅವನು, "ನೀವೂ ನಾಳಿ ಬಸ್ಸಿಗಿ ಬರ್ರಿ ಮಾವಾರ" ಎಂದ. ಅಳಿಯನಾದವನು ಮೊದಲ ಕರೆಗೇ ಒಪ್ಪಬಾರದಲ್ಲ. "ನೋಡೋಣ, ಸಾಲಿ ಕೆಲಸ ಭಾಳ ಅದ" ಎಂದು ಗತ್ತಿನಿಂದ ಹೇಳಿ, ಮಾವನವರಂತೆ ಇವನೂ ಮತ್ತೊಮ್ಮೆ ಒತ್ತಾಯಿಸಲಿ ಎಂದು ಕಾದೆ. "ಹಂಗಾದ್ರ ಆಯ್ತ್ರಿ" ಎಂದವನೇ ಹೊರಟೇಬಿಟ್ಟ. ಅತ್ತೆ ಕಟ್ಟುವ ಶೇಂಗಾ ಉಂಡಿ ಕಣ್ಣ ಮುಂದೆ ಬಂದವು.

ಆ ಹುಡುಗಿಗೆ ಈಗ ಎಷ್ಟು ವಾಕ್ಯ ಬೇಕಾದರೂ ಕೊಡಬಲ್ಲೆ. ಫೋನು ಎದುರಿಗೇ ಇದೆ. ನಾನಾಗಿ ಮಾಡುವವನಲ್ಲ. ಆದರೂ ಇರಲಿ ಎಂದು ಒಂದು ಜೊತೆ ಬಟ್ಟೆ ಬ್ಯಾಗಿಗೆ ಹಾಕಿ, ಚೈನು ಎಳೆದು, ಪಕ್ಕದಲ್ಲೇ ಕುಳಿತಿದ್ದೇನೆ.